ಪಂಜೆಯವರನ್ನು ಮುಂಬಯಿ ಮಕ್ಕಳಿಗೆ ಓದಿ ಹೇಳುವುದು ಹೇಗೆ?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 22 ಪಂಜೆ ಮಂಗೇಶರಾಯರು ಹುಟ್ಟಿದ ದಿನ. ಅದರ ಹತ್ತಿರದ ಭಾನುವಾರ ಸೊಸೈಟಿ ಹಾಲಿನಲ್ಲಿ ಮಕ್ಕಳಿಗೆ ಅವರ ಪದ್ಯ, ಕತೆ ಓದಿ ಹೇಳುವುದೆಂದು ನಿಶ್ಚಯವಾಗಿದೆ. ಹಾಲ್ ಸಿಗುವುದು ಬೆಳಿಗ್ಗೆ 10ರಿಂದ 11ರವರೆಗೆ. ಮಕ್ಕಳು 25, ವಯಸ್ಸು 4ರಿಂದ 10. ಹೆಚ್ಚಿನವರ ಮನೆಮಾತು ತುಳು, ಕೆಲವರದು ಕುಂದಾಪುರ ಕನ್ನಡ. ಕೆಳಗೆ ಆಟಕ್ಕಿಳಿದರೆ ಎಲ್ಲರಿಗೂ ಮರಾಠಿ, ಹಿಂದಿ. ಕನ್ನಡ ಅಕ್ಷರ ಬಲ್ಲವರು ಎಂಟು-ಹತ್ತು ಮಂದಿ ಮಾತ್ರ. ಭಾಷಣ, ಹಾರ, ಶಾಲು ಯಾವುದೂ ಇಲ್ಲ. ಓದುವುದೊಂದೇ.

ಯಾವುದನ್ನು ಓದಬೇಕು? ಎಷ್ಟು ಹೊತ್ತು? ಮೈಕ್ ಬೇಕೇ? ಪದ್ಯಗಳನ್ನು ದೇವನಾಗರಿಯಲ್ಲಿ ಬರೆದು ಹಂಚಿದರೆ ಒಳ್ಳೆಯದೇ? ತಿಳಿದವರು ಹೇಳಿ.

ಮಾಟುಂಗಾ ವಾಚಕ

ಡೊಂಬಿವಲಿಯವರೇ, ನಿಮ್ಮ ಮಕ್ಕಳಿಗೆ ಪಂಜೆಯವರಿಗಿಂತ ಒಪ್ಪುವ ಲೇಖಕರು ಸಿಗಲಾರರು. ಅವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ, ಕೊಡಗಿನಲ್ಲಿ ಹೆಡ್‌ಮಾಸ್ಟರಾಗಿ ಅವರು ಕಂಡ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಮನೆಮಾತಲ್ಲ, ಶಾಲೆಗೆ ಬಂದು ಕಲಿತದ್ದು. ಅಂಥ ಮಗುವಿಗೆ ಅರ್ಥಕ್ಕಿಂತ ಮೊದಲು ಸದ್ದು ತಲುಪಬೇಕು ಎಂಬುದು ಅವರ ಪ್ರತಿ ಸಾಲಿನಲ್ಲೂ ಕಾಣುತ್ತದೆ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಹಿರಿಯರು, ಮಕ್ಕಳಿಗೆ ಬರೆಯುವಾಗ ಇಟ್ಟುಕೊಂಡ ಹೆಸರು 'ಕವಿಶಿಷ್ಯ'.

ಮೊದಲು 'ಹಾವಿನ ಹಾಡು' ತೆಗೆದುಕೊಳ್ಳಿ. ಅದರ ಮೊದಲ ಸಾಲು 'ನಾಗರ ಹಾವೆ, ಹಾವೊಳು ಹೂವೆ'. ನಡೆ ನಾಲ್ಕು ಮಾತ್ರೆಯದು. ಮಾತ್ರೆ ಎಂದರೆ ಉಚ್ಚಾರದ ಅಳತೆ, ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. 'ನಾಗರ' ಅಂದರೆ 2+1+1, ನಾಲ್ಕಾಯಿತು. 'ಹಾವೆ' ಬರೆದಂತೆ ಓದಿದರೆ 2+1, ಮೂರೇ. ಅದು ಕರೆಯುವ ಮಾತಾದ್ದರಿಂದ ಕೊನೆಯ 'ವೆ'ಯನ್ನು ಎಳೆಯಬೇಕು, ಆಗ ನಾಲ್ಕು. 'ಹಾವೊಳು' ನಾಲ್ಕು, 'ಹೂವೆ' ಮತ್ತೆ ಎಳೆದು ನಾಲ್ಕು. ಒಂದು ಸಾಲಿಗೆ 16. ಮೊದಲ ಪದ್ಯದ ಕೊನೆಯಲ್ಲಿ ಬರುವ 'ಬಾ' ಎಂಟು ಸಲ, ಒಂದೊಂದಕ್ಕೆ ಎರಡು ಮಾತ್ರೆ, ಅಲ್ಲಿಗೂ 16. ಅಂದರೆ ಆ ಎಂಟು 'ಬಾ' ಸುಮ್ಮನೆ ತುಂಬಿಸಿದ್ದಲ್ಲ, ಅಳೆದು ಇಟ್ಟದ್ದು. ಹಾಡಿನ ನಾಲ್ಕು ಪದ್ಯಗಳ ಕೊನೆಗೆ ಕ್ರಮವಾಗಿ ಬಾ, ನೀ, ತಾ, ಪೋ. ಕರೆಯುವುದು, ಹೊಗಳುವುದು, ಬೇಡುವುದು, ಕಳಿಸುವುದು. ಇಡೀ ಕತೆ ನಾಲ್ಕು ಅಕ್ಷರಗಳಲ್ಲಿದೆ. ಏನೂ ಕನ್ನಡ ಬಾರದ ಮಗುವೂ ಈ ನಾಲ್ಕನ್ನು ಹಿಡಿದು ಪದ್ಯದ ಜೊತೆ ನಡೆಯಬಲ್ಲದು.

ಎಲ್ಲಿ ಎಡವುತ್ತಾರೆ ಎಂದರೆ ಎಣಿಕೆಯಲ್ಲಿ. ಓದುವವರು ಉಮೇದಿನಲ್ಲಿ ಆರು 'ಬಾ'ಕ್ಕೆ ನಿಲ್ಲಿಸುತ್ತಾರೆ, ಇಲ್ಲವೇ ಹನ್ನೆರಡಕ್ಕೆ ಹೋಗುತ್ತಾರೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲುತ್ತಾರೆ, ಗದ್ದಲವಾಗುತ್ತದೆ. ಎಡಗೈಯ ನಾಲ್ಕು ಬೆರಳನ್ನು ಹೆಬ್ಬೆರಳಿಂದ ಮುಟ್ಟುತ್ತ ಎರಡು ಸುತ್ತು ಬಂದರೆ ಎಂಟು. ಅದನ್ನು ಮಕ್ಕಳಿಗೂ ಮೊದಲೇ ತೋರಿಸಿ. ಒಂದು ಸೆಕೆಂಡಿಗೆ ನಾಲ್ಕು ಮಾತ್ರೆಯ ಲೆಕ್ಕದಲ್ಲಿ ಇಡೀ ಹಾಡು ಹೆಚ್ಚುಕಡಿಮೆ ಒಂದು ನಿಮಿಷ. ಆದ್ದರಿಂದ ಮೂರು ಸಲ ಓದಲು ಧಾರಾಳ ಸಮಯವಿದೆ. ಒಂದೇ ಸಲ ಓದಿ ಮುಂದೆ ಹೋಗಬೇಡಿ.

ಥಾಣೆ ಟೀಚರ್

ಒಂದು ಗಂಟೆ ಹಾಲ್ ಸಿಕ್ಕಿತೆಂದು ಒಂದು ಗಂಟೆ ಓದಬಾರದು. ನಾಲ್ಕು ವರ್ಷದ ಮಗು ಒಂದೇ ಕಡೆ ಕೂತು ಕೇಳುವುದು ಎಂಟು-ಹತ್ತು ನಿಮಿಷ. ನಡುವೆ ಎದ್ದು ಕೈಕಾಲು ಆಡಿಸುವ ಕೆಲಸ ಕೊಟ್ಟರೆ ಇನ್ನೊಂದು ಎಂಟು. ಹೀಗೆ ಮಾಡಿ: 10ರಿಂದ 10-10 ಬಂದು ಕೂರಲು (ಯಾರೂ ಹತ್ತಕ್ಕೆ ಸರಿಯಾಗಿ ಬರುವುದಿಲ್ಲ), ನಂತರ 8 ನಿಮಿಷ ಹಾವಿನ ಹಾಡು, 4 ನಿಮಿಷ ಹಾವಿನ ನಡಿಗೆ, 10 ನಿಮಿಷ ಒಂದು ಕತೆ, ನೀರು ಕುಡಿಯಲು 5, ಕೊನೆಗೆ ಮತ್ತೆ ಹಾವಿನ ಹಾಡು, ಈ ಸಲ ಮಕ್ಕಳೇ ಹೇಳುವುದು. ಉಳಿದ ಹೊತ್ತು ದೊಡ್ಡ ಮಕ್ಕಳು ಚಿಕ್ಕವರಿಗೆ ಓದಲಿ. ಓದಬಲ್ಲ ಎಂಟು ಮಂದಿ ಇದ್ದಾರಲ್ಲ, ಒಬ್ಬೊಬ್ಬರಿಗೆ ಇಬ್ಬರು ಚಿಕ್ಕವರನ್ನು ಒಪ್ಪಿಸಿ. ಅವರಿಗೆ ಪುಟವನ್ನು ಒಂದು ವಾರ ಮೊದಲೇ ಕೊಟ್ಟಿರಬೇಕು. ಆ ಕ್ಷಣಕ್ಕೆ ಪುಸ್ತಕ ಕೈಗಿಟ್ಟರೆ ತಡವರಿಸಿ ನಾಚಿಕೊಳ್ಳುತ್ತಾರೆ.

ಕೂರಿಸುವುದು ನೆಲದ ಮೇಲೆ, ಅರ್ಧ ಚಂದ್ರದ ಹಾಗೆ ಎರಡು ಸಾಲು, ಚಿಕ್ಕವರು ಮುಂದೆ. ಓದುವವರು ಮಣೆ ಅಥವಾ ಗಿಡ್ಡ ಸ್ಟೂಲ್ ಮೇಲೆ. ಕುರ್ಚಿಯಲ್ಲಿ ಕೂತರೆ ಮುಂದಿನ ಸಾಲಿನ ಮಕ್ಕಳು ಕತ್ತು ಎತ್ತಿ ಎತ್ತಿ ಸುಸ್ತಾಗುತ್ತಾರೆ. ಕಿಟಕಿ ನಿಮ್ಮ ಬೆನ್ನಿಗೆ ಇರಬಾರದು. ಬೆಳಕು ಹಿಂದಿನಿಂದ ಬಂದರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಬಾಯಿ ಆಡುವುದು ತೋರುವುದಿಲ್ಲ. ಹೊಸ ಭಾಷೆ ಕಲಿಯುವ ಮಗು ಅರ್ಧ ಬಾಯಿ ನೋಡಿಯೇ ಕೇಳುವುದು.

25 ಮಕ್ಕಳಿಗೆ ಮೈಕ್ ಬೇಡ. ನಾಲ್ಕೈದು ಮೀಟರಿಗೆ ಗಂಟಲು ಸಾಕು. ಫ್ಯಾನ್ ಒಂದು ಪಾಯಿಂಟ್ ಇಳಿಸಿ, ಹಳಿ ಕಡೆಯ ಕಿಟಕಿ ಮುಚ್ಚಿ. ಮೈಕ್ ಇಡಲೇಬೇಕೆಂದು ಸೊಸೈಟಿಯವರು ಹಠ ಹಿಡಿದರೆ, ಬಾಯಿಗೆ ನೇರ ಹಿಡಿಯದೆ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. 'ಪ', 'ಬ' ಹೇಳುವಾಗ ತುಟಿಯಿಂದ ಗಾಳಿ ಹೊಮ್ಮುತ್ತದೆ. ಎಂಟು ಸಲ 'ಬಾ', ಎಂಟು ಸಲ 'ಪೋ' ನೇರ ಮೈಕಿಗೆ ಹೇಳಿದರೆ ಸ್ಪೀಕರಿನಲ್ಲಿ ಡಬಡಬ ಸದ್ದೇ ಕೇಳುತ್ತದೆ, ಅಕ್ಷರ ಕೇಳುವುದಿಲ್ಲ.

ವಡಾಳಾ ಕನ್ನಡ ಮೀಡಿಯಂ

ದೇವನಾಗರಿ ಬೇಡ ಎಂದು ನನ್ನ ಅಭಿಪ್ರಾಯ. ಅಭಿಮಾನದ ಮಾತಲ್ಲ, ಉಚ್ಚಾರದ ಮಾತು. ಮರಾಠಿ ಓದಿ ಬೆಳೆದ ಮಗು ದೇವನಾಗರಿಯಲ್ಲಿ ಬರೆದ ಕನ್ನಡ ಓದಿದರೆ ಮೂರು ಕಡೆ ಕೆಡುತ್ತದೆ.

ಒಂದು, ಪದದ ಕೊನೆಯ 'ಅ' ಬಿದ್ದುಹೋಗುತ್ತದೆ. ಮರಾಠಿಯಲ್ಲಿ 'ರಾಮ' ಎಂದು ಬರೆದು 'ರಾಮ್' ಎನ್ನುತ್ತಾರೆ. ಅದೇ ರೂಢಿಯಲ್ಲಿ ನಮ್ಮ 'ನಾಗರ' 'ನಾಗರ್' ಆಗುತ್ತದೆ. ಇಲ್ಲಿ ಮಾತ್ರೆ ಲೆಕ್ಕಕ್ಕೆ ಸರಿಹೋದಂತೆ ಕಂಡರೂ ಕುಣಿತ ಹೋಯಿತು, ಮೂರು ಹೆಜ್ಜೆಯ ಪದ ಎರಡು ಹೆಜ್ಜೆಯದಾಯಿತು. ಎರಡು, ಮರಾಠಿಯಲ್ಲಿ ಹ್ರಸ್ವ 'ಎ', ಹ್ರಸ್ವ 'ಒ' ಎಂಬ ಬೇರೆ ಅಕ್ಷರವಿಲ್ಲ. ಬೆಳೆ-ಬೇಳೆ, ಕೊಡು-ಕೋಡು ಎಲ್ಲ ಒಂದೇ. 'ಹೆಡೆ' ಎಂಬುದನ್ನು 'ಹೇಡೆ' ಎಂದು ಎಳೆದ ಕೂಡಲೇ ಸಾಲು ಮುರಿಯಿತು. ಮೂರು, 'ಚ', 'ಜ'ಗಳಿಗೆ ಮರಾಠಿಯಲ್ಲಿ ಎರಡೆರಡು ಉಚ್ಚಾರ. ಯಾವುದೆಂದು ಬರೆಹದಲ್ಲಿ ತೋರುವುದಿಲ್ಲ, ಮಗು ಅಂದಾಜಿನ ಮೇಲೆ ಹೇಳುತ್ತದೆ. 'ಳ' ಮಾತ್ರ ತೊಂದರೆಯಿಲ್ಲ, ಅದು ಅವರಲ್ಲೂ ಗಟ್ಟಿಯಾಗಿದೆ.

ಅಕ್ಷರ ಬಾರದ ಮಗುವಿನ ಕೈಗೆ ಕಾಗದವನ್ನೇ ಕೊಡಬೇಡಿ. ಕಾಗದ ಇದ್ದರೆ ಕಣ್ಣು ಅಲ್ಲಿ, ಕಿವಿ ಎಲ್ಲೋ. ಗೋಡೆಗೆ ನಾಲ್ಕು ಚಾರ್ಟ್ ಅಂಟಿಸಿ, ಒಂದೊಂದರಲ್ಲಿ ಒಂದೇ ಅಕ್ಷರ, ಮೊಳದುದ್ದ: ಬಾ, ನೀ, ತಾ, ಪೋ. ನೀವು ಚಾರ್ಟ್ ಮುಟ್ಟಿದಾಗ ಅವರು ಹೇಳಲಿ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನಾಲ್ಕು ಕನ್ನಡ ಅಕ್ಷರ ಕಣ್ಣಿಗೂ ಬಿದ್ದಿರುತ್ತದೆ.

ಮೀರಾ ರೋಡ್

ವಡಾಳಾ ಸರ್, ಮಕ್ಕಳ ವಿಷಯ ಒಪ್ಪಿದೆ. ಆದರೆ ಅಮ್ಮಂದಿರ ವಿಷಯ? ಇಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದ ತಾಯಂದಿರು ತುಂಬ ಮಂದಿ, ತುಳು ಕನ್ನಡ ಎರಡೂ ಮಾತಾಡುತ್ತಾರೆ, ಅಕ್ಷರ ಬರುವುದಿಲ್ಲ. ರಾತ್ರಿ ಮಲಗಿಸುವಾಗ ಓದಿ ಹೇಳಬೇಕಾದವರು ಅವರೇ. ಅವರಿಗೆ ದೇವನಾಗರಿ ಇಲ್ಲದಿದ್ದರೆ ಪಂಜೆಯವರು ಹಾಲಿನಿಂದ ಮನೆಗೆ ಬರುವುದೇ ಇಲ್ಲ ಮಾರಾಯ್ರೆ.

ವಡಾಳಾ ಕನ್ನಡ ಮೀಡಿಯಂ

ನ್ಯಾಯವಾದ ಮಾತು ಅಕ್ಕ. ಹಾಗಾದರೆ ದೊಡ್ಡವರಿಗೆ ಕೊಡೋಣ, ಗುರುತು ಹಾಕಿ ಕೊಡೋಣ. ಹ್ರಸ್ವ 'ಎ', 'ಒ' ಬರುವಲ್ಲೆಲ್ಲ ಅಕ್ಷರದ ಕೆಳಗೆ ಕೆಂಪು ಪೆನ್ನಿನ ಒಂದು ಚುಕ್ಕಿ. ಪದದ ಕೊನೆಯ 'ಅ' ಉಳಿಸಬೇಕಾದಲ್ಲಿ ಪದದ ತುದಿಗೆ ಅವಗ್ರಹದ ಗುರುತು (ಽ). ಜೊತೆಗೆ ಒಂದು ನಿಮಿಷದ ಧ್ವನಿ ರೆಕಾರ್ಡ್ ಮಾಡಿ ವಾಟ್ಸ್ಯಾಪಿನಲ್ಲಿ ಕಳಿಸಿ. ಚುಕ್ಕಿ ನೋಡಿ ಅನುಮಾನ ಬಂದರೆ ಕೇಳಿಕೊಳ್ಳುತ್ತಾರೆ. ಕನ್ನಡ ಸಾಲು ಮೇಲೆ ದೊಡ್ಡದಾಗಿ, ದೇವನಾಗರಿ ಕೆಳಗೆ ಸಣ್ಣದಾಗಿ ಇರಲಿ, ತಿರುಗುಮುರುಗು ಬೇಡ.

ಚೆಂಬೂರ್ ಶ್ರುತಿ

ಹಾಡಬೇಕೋ ಓದಬೇಕೋ ಎಂದು ಯಾರೂ ಕೇಳಲಿಲ್ಲ. ಮೊದಲು ಓದಿ, ಆಮೇಲೆ ಹಾಡಿ. ರಾಗ ಹಾಕಿದ ಕೂಡಲೇ ಮಕ್ಕಳು ರಾಗ ಹಿಡಿಯುತ್ತಾರೆ, ಪದ ನುಂಗುತ್ತಾರೆ. ತಾಳಕ್ಕೆ ಮಾತಾಡುವ ಹಾಗೆ, ಸ್ವರ ಏರಿಳಿಸದೆ, ಎರಡು ಸಲ ಹೇಳಿಸಿದ ಮೇಲೆ ರಾಗಕ್ಕೆ ಹೋಗಬಹುದು. ಚಪ್ಪಾಳೆ ಪ್ರತಿ ಮಾತ್ರೆಗೆ ಬೇಡ, ನಾಲ್ಕಕ್ಕೊಂದು. ಪ್ರತಿ ಮಾತ್ರೆಗೆ ತಟ್ಟಿದರೆ ವೇಗ ತಾನಾಗಿ ಏರುತ್ತ ಹೋಗಿ ನಾಲ್ಕನೆಯ ಪದ್ಯಕ್ಕೆ ಬರುವಾಗ ಓಟವಾಗಿರುತ್ತದೆ.

ಮಾಟುಂಗಾ ವಾಚಕ

ಇನ್ನೊಂದು ಎಚ್ಚರಿಕೆ. 'ಹಾಲನ್ನೀವೆ' ಎಂಬ ಪದವನ್ನು ಓದುವವರು ಮೊದಲೇ ಬಿಡಿಸಿಕೊಂಡಿರಬೇಕು. ಅದು ಹಾಲನ್ನು + ಈವೆ. ಈವೆ ಎಂದರೆ ಕೊಡುವೆ. ಗೊತ್ತಿಲ್ಲದವರು 'ಹಾಲ' ಎಂದು ನಿಲ್ಲಿಸಿ 'ನೀವೆ' ಎಂದು ಮುಂದುವರಿಸುತ್ತಾರೆ, ಕೇಳುವ ಮಗುವಿಗೆ 'ನೀವೇ' ಎಂದು ಕೇಳುತ್ತದೆ. ಸಂಧಿ ತಪ್ಪಿ ಒಡೆದರೆ ಅರ್ಥ ತಪ್ಪಿತು. ಹಾಗೆಯೇ 'ಹೊಂದಲೆ' ಎಂದರೆ ಹೊನ್ನಿನ ತಲೆ, 'ಹೊಂದು'ವುದಕ್ಕೂ ಅದಕ್ಕೂ ಸಂಬಂಧವಿಲ್ಲ.

'ಠಾವೆ' ಹಳೆಯ ಪದ, ಕಷ್ಟ ಎಂದು ಬಿಡಬೇಡಿ. ಠಾವು ಎಂದರೆ ಇರುವ ಜಾಗ. ಮರಾಠಿಯಲ್ಲಿ 'ಠಾವಠಿಕಾಣಾ' ಎನ್ನುವುದು ನಿಮ್ಮ ಮಕ್ಕಳಿಗೆ ಗೊತ್ತು. ಬೆಂಗಳೂರಿನ ಮಗುವಿಗಿಂತ ಡೊಂಬಿವಲಿಯ ಮಗುವಿಗೆ ಈ ಪದ ಬೇಗ ತಾಗುತ್ತದೆ. 'ಪೋ' ಅಂತೂ ಹೇಳುವುದೇ ಬೇಡ, ತುಳುವಿನಲ್ಲಿ ದಿನಾ ಕೇಳುವ ಮಾತೇ ಅದು.

ಕೊಥ್ರೂಡ್ ಓದುಬಳಗ

ಪುಣೆಯಿಂದ. ಕತೆಗೆ ಪಂಜೆಯವರ 'ಸೀಗಡಿ ಯಾಕೆ ಒಣಗಲಿಲ್ಲ?' ಇಟ್ಟುಕೊಳ್ಳಿ. ಒಂದು ಪ್ರಶ್ನೆಯ ಬಾಲಕ್ಕೆ ಇನ್ನೊಂದು ಪ್ರಶ್ನೆ ಗಂಟು ಹಾಕುತ್ತ ಹೋಗುವ ಸರಪಳಿ ಕತೆ ಅದು. ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಬರುವುದರಿಂದ ಮೂರನೆಯ ಕೊಂಡಿಗೆ ಬರುವಾಗ ಮಕ್ಕಳು 'ಯಾಕೆ' ಎಂದು ತಾವೇ ಕೇಳಲು ಶುರು ಮಾಡುತ್ತಾರೆ. ಕರಾವಳಿಯವರು ಕರಾವಳಿ ಮಕ್ಕಳಿಗೇ ಬರೆದದ್ದು, ಮುಂಬಯಿಗೆ ಹೊರಗಿನದಲ್ಲ. ಸೀಗಡಿ ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ, ಮರಾಠಿಯಲ್ಲಿ ಕೋಳಂಬಿ, ಒಣಗಿದ ಸಣ್ಣದು ಸುಕಟ. ಓದುವ ಮೊದಲು ನಾಲ್ಕೂ ಹೆಸರು ಹೇಳಿ ಕೈ ಎತ್ತಿಸಿ, ಯಾರ ಮನೆಯಲ್ಲಿ ಯಾವುದು ಎಂದು. ಅಷ್ಟು ಪೀಠಿಕೆ ಸಾಕು.

ಇದನ್ನು ಓದುವ ಕ್ರಮ: ಕೊಂಡಿಗೊಂದು ಚಿತ್ರದ ಕಾರ್ಡ್ ಮಾಡಿ, ಪೋಸ್ಟ್‌ಕಾರ್ಡಿನ ಎರಡರಷ್ಟು ದೊಡ್ಡದು. ಗೋಡೆಯಿಂದ ಗೋಡೆಗೆ ಸುತಳಿ ಕಟ್ಟಿ ಬಟ್ಟೆ ಚಿಮಟಿ ಇಡಿ. ಒಂದೊಂದು ಉತ್ತರ ಬಂದಾಗ ಒಂದು ಮಗು ಎದ್ದು ಕಾರ್ಡ್ ಸಿಕ್ಕಿಸಲಿ. ಸುತಳಿ ಮಕ್ಕಳ ಎದೆಮಟ್ಟಕ್ಕಿರಬೇಕು, ಮೇಲೆ ಕಟ್ಟಿದರೆ ಪ್ರತಿ ಸಲ ದೊಡ್ಡವರು ಎತ್ತಿಕೊಳ್ಳಬೇಕಾಗಿ ಓದು ನಿಲ್ಲುತ್ತದೆ. ಪ್ರಶ್ನೆಗೆ ಒಂದೇ ಧ್ವನಿ, ಪ್ರತಿ ಸಲವೂ ಅದೇ ಏರು. ಬದಲಾಗಬೇಕಾದ್ದು ಉತ್ತರದ ಧ್ವನಿ ಮಾತ್ರ. ಎರಡನ್ನೂ ಬದಲಿಸಿದರೆ ಹಿಡಿದುಕೊಳ್ಳಲು ಮಕ್ಕಳಿಗೆ ಏನೂ ಇರುವುದಿಲ್ಲ.

ದಯವಿಟ್ಟು ನಡುವೆ ನಿಲ್ಲಿಸಿ 'ಅರ್ಥ ಆಯಿತಾ?' ಎನ್ನಬೇಡಿ. ವಾಕ್ಯಕ್ಕೊಂದು ಹಿಂದಿ ಅನುವಾದವೂ ಬೇಡ. ಎರಡನೆಯ ಅನುವಾದಕ್ಕೆ ಮಕ್ಕಳಿಗೆ ತಿಳಿದುಹೋಗುತ್ತದೆ, ಕನ್ನಡ ಕೇಳುವ ಅಗತ್ಯವಿಲ್ಲ, ಹಿಂದೆಯೇ ಹಿಂದಿ ಬರುತ್ತದೆ ಎಂದು. ಅರ್ಥವಾಗದ ಪದವನ್ನು ಕೈಯಿಂದ, ಮುಖದಿಂದ ತೋರಿಸಿ. ತೋರಿಸಲಾಗದ ಪದವಿದ್ದರೆ ಓದುವ ಮೊದಲು ಹೇಳಿಬಿಡಿ, ಒಂದು ಕತೆಗೆ ಮೂರು ಪದಕ್ಕಿಂತ ಹೆಚ್ಚಲ್ಲ.

ಓದುವವರ ಪ್ರತಿಯನ್ನು 16 ಪಾಯಿಂಟ್‌ನಲ್ಲಿ, ಸಾಲುಗಳ ನಡುವೆ ಒಂದೂವರೆ ಜಾಗ ಬಿಟ್ಟು ತೆಗೆಯಿರಿ. ಒತ್ತಕ್ಷರ ಕೆಳಗಿಳಿಯುವ ಲಿಪಿ ನಮ್ಮದು, ಒಂಟಿ ಜಾಗದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಕಣ್ಣು ತಪ್ಪುತ್ತದೆ. ವಾಕ್ಯ ಅರ್ಧಕ್ಕೆ ಪುಟ ತಿರುಗಬಾರದು.

ಡೊಂಬಿವಲಿ ಪೂರ್ವ

ಇಷ್ಟು ವಿವರ ಸಿಕ್ಕಿದ್ದಕ್ಕೆ ಎಲ್ಲರಿಗೂ ಋಣಿ. ಎರಡು ಸಂದೇಹ. ಟೈಪ್ ಮಾಡಿ ಹಂಚಲು ಯಾರದಾದರೂ ಅನುಮತಿ ಬೇಕೇ? ಮತ್ತೆ, ಹತ್ತು ವರ್ಷದವರು 'ಹಾವು ಹಾಲು ಕುಡಿಯುವುದಿಲ್ಲ' ಎಂದು ಎದ್ದು ನಿಂತರೆ?

ಅಂಧೇರಿ ಕಾನೂನು

ಅನುಮತಿಯ ಬಗ್ಗೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಆಗಿನ ನಿಯಮದಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 50 ವರ್ಷ ಹಕ್ಕುಸ್ವಾಮ್ಯ. ಅವರು ಬದುಕಿದ್ದಾಗ ಅಚ್ಚಾದ ಕೃತಿಗಳ ಮೇಲಿನ ಹಕ್ಕು 1987ರ ಕೊನೆಗೇ ಮುಗಿಯಿತು. ಅವಧಿ 60 ವರ್ಷಕ್ಕೆ ಏರಿದ್ದು ಆಮೇಲೆ. ನೀವು ಟೈಪ್ ಮಾಡಬಹುದು, ದೊಡ್ಡಕ್ಷರದಲ್ಲಿ ಅಚ್ಚು ಹಾಕಬಹುದು, ಧ್ವನಿ ರೆಕಾರ್ಡ್ ಮಾಡಿ ಎಲ್ಲಿ ಬೇಕಾದರೂ ಹಾಕಬಹುದು. ಆದರೆ ಈಚಿನ ಪುಸ್ತಕದ ಪುಟವನ್ನು ಹಾಗೇ ಜೆರಾಕ್ಸ್ ಮಾಡಬೇಡಿ. ಅದರ ಚಿತ್ರ, ಮುನ್ನುಡಿ ಬೇರೆಯವರದು. ಕ್ಯಾಸೆಟ್ಟಿನಲ್ಲಿ ಬಂದ ರಾಗ ಸಂಯೋಜನೆಯೂ ಬೇರೆಯವರದು. ಪಠ್ಯ ಮಾತ್ರ ತೆಗೆದು ಹೊಸದಾಗಿ ಟೈಪ್ ಮಾಡಿ.

ಮುಂದಿನ ವರ್ಷ ಜಿ.ಪಿ. ರಾಜರತ್ನಂ ಅಥವಾ ದಿನಕರ ದೇಸಾಯಿ ಎಂದುಕೊಂಡರೆ ಲೆಕ್ಕ ಬೇರೆ. ರಾಜರತ್ನಂ 1979ರಲ್ಲಿ, ದೇಸಾಯಿ 1982ರಲ್ಲಿ ತೀರಿಕೊಂಡವರು. ಹಕ್ಕು ಕ್ರಮವಾಗಿ 2039, 2042ರ ಕೊನೆಯವರೆಗೆ ಇದೆ. ಪ್ರಕಟವಾದ ಕೃತಿಯ ಸ್ವಲ್ಪ ಭಾಗವನ್ನು ಸಭೆಯಲ್ಲಿ ಓದಲು ಕಾನೂನೇ ಅವಕಾಶ ಕೊಡುತ್ತದೆ. ಅಚ್ಚು ಹಾಕಿ ಹಂಚಲು, ವೀಡಿಯೊ ಮಾಡಿ ಏರಿಸಲು ಅನುಮತಿ ಕೇಳಬೇಕು.

ತೀರ ಚಿಕ್ಕವರಿಗೆ ಚಿತ್ರವೂ ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳಿವೆ. ಮುಕ್ತ ಪರವಾನಗಿಯವು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಬಿಡದೆ ಹಾಕಿದರೆ ಮುದ್ರಿಸಿ ಹಂಚಬಹುದು.

ಥಾಣೆ ಟೀಚರ್

ಹಾಲಿನ ಪ್ರಶ್ನೆ ಬಂದರೆ ಒಳ್ಳೆಯದೇ. ನಿಜ ಹೇಳಿ: ಹಾವು ಮಾಂಸಾಹಾರಿ, ಹಾಲು ಅದಕ್ಕೆ ಆಗಿಬರುವುದಿಲ್ಲ, ನೀರಿಲ್ಲದೆ ಬಾಯಾರಿಸಿ ಇಟ್ಟರೆ ಸಿಕ್ಕಿದ್ದನ್ನು ಕುಡಿಯುತ್ತದೆ. ಪುಂಗಿಯ ರಾಗಕ್ಕೆ ತಲೆದೂಗುವುದಲ್ಲ, ಪುಂಗಿ ಆಡುವುದನ್ನು ನೋಡಿ ಅದರ ಜೊತೆ ತಿರುಗುವುದು. ಆದರೆ ಇದನ್ನು ಪದ್ಯ ಮುಗಿದ ಮೇಲೆ ಹೇಳಿ. ಪದ್ಯದೊಳಗೆ ಹಾವನ್ನು ಕರೆಯುವವನು ಮಗುವಿನಂಥವನು, ಆಸೆಯವನು, ಹೆದರುವವನು. ಕೊನೆಗೆ ಅವನೇ 'ಪೋ' ಎನ್ನುತ್ತಾನಲ್ಲ. ಆ ಹೆದರಿಕೆ ನಿಜ. ಯಾರಾದರೂ ಹಾವಾಡಿಗರನ್ನು ಕರೆಸೋಣ ಎಂದರೆ ಖಡಾಖಂಡಿತ ಬೇಡವೆನ್ನಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ನಾಗರಹಾವಿಗೆ ರಕ್ಷಣೆಯಿದೆ.

ವಾಸ್ಕೊ ಕಡಲಬದಿ

ಗೋವೆಯಿಂದ ಒಂದು ಮಾತು. ಪಂಜೆಯವರ 'ತೆಂಕಣ ಗಾಳಿಯಾಟ' ಪದ್ಯವನ್ನು ಫೆಬ್ರವರಿಗೆ ಇಡಬೇಡಿ. ಅದನ್ನು ಜೂನಿಗೆ ಉಳಿಸಿಕೊಳ್ಳಿ. ಮುಂಬಯಿಗೆ ಮಳೆ ಹಿಡಿಯುವ ವಾಡಿಕೆಯ ದಿನ ಜೂನ್ 11, ಅದರ ಹಿಂದುಮುಂದಿನ ಒಂದು ವಾರದಲ್ಲಿ ಓದಿದರೆ ಕಿಟಕಿ ಬಡಿಯುವ ಗಾಳಿಯೇ ಅರ್ಧ ಅರ್ಥ ಹೇಳುತ್ತದೆ.

ಆ ಪದ್ಯದಲ್ಲಿ ಗಾಳಿ ಮೊದಲು ಬರಲಿದೆ, ಆಮೇಲೆ ಬರುತಿದೆ, ಆಮೇಲೆ ಬಂತು. ಓದುವವರು ಮೊದಲ ಪದ್ಯವನ್ನೇ ಅಬ್ಬರಿಸಿ ಓದಿದರೆ ಮುಂದೆ ಏರಲು ಜಾಗವಿರುವುದಿಲ್ಲ. ಮೊದಲನೆಯದು ಪಿಸುಮಾತಿಗಿಂತ ತುಸು ಮೇಲೆ. ಮಕ್ಕಳು ಅಂಗೈ ಉಜ್ಜುತ್ತಿರಲಿ. ಎರಡನೆಯದಕ್ಕೆ ಸಹಜ ಧ್ವನಿ. ಮಕ್ಕಳು ಬೆರಳ ತುದಿಯಿಂದ ನೆಲ ತಟ್ಟಲಿ. 'ಬಂತೈ' ಬಂದಾಗ ಮಾತ್ರ ಪೂರ್ತಿ ಗಂಟಲು, ಮಕ್ಕಳು ಅಂಗೈಯಿಂದ ತೊಡೆ ಬಡಿಯಲಿ. ಬುಸುಗುಟ್ಟುವ, ಸುಯ್ಯೆನ್ನುವ ಸದ್ದುಗಳಲ್ಲಿ ಉಸಿರು ಬೇಗ ಖರ್ಚಾಗುತ್ತದೆ. ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳುವ ಜಾಗವನ್ನು ಪೆನ್ಸಿಲಿನಲ್ಲಿ ಗೀಟು ಹಾಕಿ ಗುರುತಿಸಿಕೊಳ್ಳಿ. ಇಲ್ಲದಿದ್ದರೆ 'ಸುಯ್ಯೋ' ನಡುವೆ ಉಸಿರು ಕಟ್ಟಿ ಗಾಳಿ ಅಲ್ಲೇ ನಿಂತುಹೋಗುತ್ತದೆ.

ಚೆಂಬೂರ್ ಶ್ರುತಿ

ಡೊಂಬಿವಲಿಯವರಿಗೆ ಇನ್ನೊಂದೇ ಒಂದು. ಎಂಟನೆಯ 'ಪೋ' ಆದ ಕೂಡಲೇ ಚಪ್ಪಾಳೆ ಹೊಡೆಸಬೇಡಿ. ಬೆರಳಲ್ಲಿ ನಾಲ್ಕು ಮಾತ್ರೆ ಎಣಿಸುತ್ತ ಸುಮ್ಮನಿರಿ, ಕಣ್ಣು ಬಾಗಿಲ ಕಡೆ ಇರಲಿ. ಮಕ್ಕಳೂ ತಿರುಗಿ ಬಾಗಿಲು ನೋಡುತ್ತಾರೆ, ಹಾವು ಹೋಯಿತೇ ಎಂದು.